ರೋರಿಕರು ಬರೆದ ಹಳೆಯ ಗೋಡೆಗಳು

ನಿಕೊಲಾಯ್ ರೋರಿಕರೆಂದರೆ ನಮಗೆ ನೆನಪಾಗುವುದು ಹಿಮಾಲಯದ ನೀಲಿ ಶಿಖರಗಳು. ಬೆಂಗಳೂರಿನ ಬಳಿ ತಾತಗುಣಿಯ ತೋಟದಲ್ಲಿ ದೇವಿಕಾರಾಣಿಯವರೊಡನೆ ಬಾಳಿದ ಸ್ವೆತೊಸ್ಲಾವ್ ರೋರಿಕರ ತಂದೆ ಇವರು. ಆದರೆ ಶಿಖರಗಳಿಗಿಂತ ಬಹಳ ಮೊದಲೇ ಅವರ ಕುಂಚಕ್ಕೆ ಒಲಿದದ್ದು ತಾಯ್ನಾಡಿನ ಕೋಟೆಗೋಡೆಗಳು.

1903ರಲ್ಲಿ, ಮೂವತ್ತು ತುಂಬುವ ಮೊದಲೇ, ಪತ್ನಿ ಹೆಲೆನಾರೊಡನೆ ಅವರು ರಷ್ಯದ ಪುರಾತನ ನಗರಗಳ ಯಾತ್ರೆ ಹೊರಟರು. ಮರುವರ್ಷವೂ ಅದು ಮುಂದುವರಿಯಿತು. ರೊಸ್ತೊವ್, ಸುಜ್ದಾಲ್, ಪ್ಸ್ಕೊವ್, ಇಜ್ಬೊರ್ಸ್ಕ್, ಸ್ಮೊಲೆನ್ಸ್ಕ್ ಹೀಗೆ ಊರೂರು ಸುತ್ತಿ ಹತ್ತಾರು ಚಿತ್ರಗಳನ್ನು ಬರೆದರು. ಸ್ಮೊಲೆನ್ಸ್ಕಿನ ಕೋಟೆಯ ಕಥೆಯೊಂದೇ ಸಾಕು: 1602ರಲ್ಲಿ ಮುಗಿದಾಗ ಅದರ ಉದ್ದ ಸುಮಾರು ಆರೂವರೆ ಕಿಲೋಮೀಟರು. 1812ರಲ್ಲಿ ಹಿಮ್ಮೆಟ್ಟುತ್ತಿದ್ದ ನೆಪೋಲಿಯನ್ನನ ಸೈನ್ಯ ಅದರ ಕೆಲವು ಗೋಪುರಗಳನ್ನು ಸಿಡಿಮದ್ದಿಟ್ಟು ಹಾರಿಸಿತು. ಅಳಿದುಳಿದುದನ್ನು ಊರವರೇ ಇಟ್ಟಿಗೆಗಾಗಿ ಕಿತ್ತರು. ಶತ್ರುವಿಗಿಂತ ಸ್ವಜನರ ಉದಾಸೀನವೇ ಹಳೆಯ ಕಟ್ಟಡಗಳಿಗೆ ಹೆಚ್ಚು ಮಾರಕವೆಂಬ ಮಾತು ನಮ್ಮ ಹಾಳು ಗುಡಿಗಳನ್ನು ಕಂಡವರಿಗೆ ಹೊಸದೇನಲ್ಲ!

ಈ ಚಿತ್ರಗಳಲ್ಲಿ ವಿವರಗಳು ಕಡಿಮೆ. ಜನಸಂಚಾರ ಅಪರೂಪ, ಗೋಡೆ, ಗೋಪುರ, ಗುಮ್ಮಟಗಳ ದಪ್ಪ ಆಕಾರಗಳು ನೆಲದಿಂದಲೇ ಬೆಳೆದು ನಿಂತ ಬಂಡೆಗಳಂತೆ ಕಾಣುತ್ತವೆ. ಅಳೆದು ಬರೆಯಲು ಬಾರದೆ ಹೀಗೆ ಮಾಡಿದರೆ? ಇಲ್ಲ, ರೋರಿಕರು ದಿಬ್ಬಗಳನ್ನು ಅಗೆದು ನೋಡಿದ್ದ ಪುರಾತತ್ವಜ್ಞರು. ಕಲ್ಲಿನ ಲೆಕ್ಕಕ್ಕಿಂತ ಕಲ್ಲಿನ ಭಾರ ಅವರಿಗೆ ಮುಖ್ಯವಾಗಿತ್ತೆಂದು ನನ್ನ ಎಣಿಕೆ.

ಚಿತ್ರಗಳ ಗತಿಯೂ ಕಟ್ಟಡಗಳ ಗತಿಯಂತೆಯೇ ಆಯಿತು. 1904ರಲ್ಲಿ ಅಮೆರಿಕದ ಸೇಂಟ್ ಲೂಯಿ ಮಹಾಪ್ರದರ್ಶನಕ್ಕೆ ಹೋದವು ವ್ಯವಸ್ಥಾಪಕರ ಸುಂಕದ ತೊಡಕಿನಿಂದ ಹರಾಜಾಗಿ ಚೆದರಿಹೋದವು. ಕೆಲವು ಕ್ಯಾಲಿಫೋರ್ನಿಯದ ಓಕ್‌ಲೆಂಡ್ ವಸ್ತುಸಂಗ್ರಹಾಲಯವನ್ನು ಸೇರಿವೆ.

ಯುದ್ಧಕಾಲದಲ್ಲಿಯೂ ಕಲಾಕೃತಿಗಳನ್ನು ಮುಟ್ಟಬಾರದೆಂಬ ಅವರ ಕನಸು 1935ರ ಏಪ್ರಿಲ್ 15ರಂದು ವಾಷಿಂಗ್ಟನ್ನಿನಲ್ಲಿ 'ರೋರಿಕ್ ಒಪ್ಪಂದ'ವಾಗಿ ಕೈಗೂಡಿತು. ಆದರೆ ಸಹಿ ಹಾಕಿದವು ಅಮೆರಿಕ ಖಂಡಗಳ ರಾಷ್ಟ್ರಗಳು ಮಾತ್ರ. ಎರಡನೆಯ ಮಹಾಯುದ್ಧದಲ್ಲಿ ನವ್‌ಗೊರೊದ್ ಬಳಿಯ ನೆರೆದಿತ್ಸ ಚರ್ಚು ಫಿರಂಗಿ ಗುಂಡಿಗೆ ಕುಸಿಯಿತು. ಅದು 1198ರಲ್ಲಿ ಕಟ್ಟಿದ್ದು. ಯುದ್ಧಾನಂತರ ಅದನ್ನು ಮರಳಿ ಎತ್ತಿ ನಿಲ್ಲಿಸಲು ಆಧಾರವಾದದ್ದು ಯಾವ ವರ್ಣಚಿತ್ರವೂ ಅಲ್ಲ. ರೋರಿಕರು ಊರೂರು ಸುತ್ತುತ್ತಿದ್ದ ಅದೇ ವರ್ಷಗಳಲ್ಲಿ ಪೊಕ್ರಿಷ್ಕಿನ್ ಎಂಬ ವಾಸ್ತುಶಿಲ್ಪಿ ಅಳೆದಿಟ್ಟ ನಕ್ಷೆಗಳು. ಗೋಡೆಗಳು ಮತ್ತೆ ಎದ್ದಿವೆ. ಒಳಗಿನ ಭಿತ್ತಿಚಿತ್ರಗಳಲ್ಲಿ ಬಹುಪಾಲು ಮಣ್ಣುಪಾಲಾದವು.