ಭಾರತೀಯ ಕೊಲೆಸ್ಟರಾಲ್ ಚಿಕಿತ್ಸಾ ಮಾರ್ಗಸೂಚಿ

ಭಾರತೀಯರ ದೇಹಸ್ಥಿತಿಗೆ ಹೊಂದುವ ಕೊಲೆಸ್ಟರಾಲ್ ಚಿಕಿತ್ಸಾ ಮಾರ್ಗಸೂಚಿಯನ್ನು ಕಾರ್ಡಿಯಾಲಜಿಕಲ್ ಸೊಸೈಟಿ ಆಫ್ ಇಂಡಿಯಾ 2024ರ ಜುಲೈನಲ್ಲಿ ಪ್ರಕಟಿಸಿತು.

ಹಿನ್ನೆಲೆ: ದಕ್ಷಿಣ ಏಷ್ಯಾದವರಲ್ಲಿ ಮೊದಲ ಹೃದಯಾಘಾತವು ಇತರರಿಗಿಂತ ಸುಮಾರು 6 ವರ್ಷ ಮೊದಲೇ ಸಂಭವಿಸುವುದನ್ನು ಇಂಟರ್‌ಹಾರ್ಟ್ ಅಧ್ಯಯನ ತೋರಿಸಿತ್ತು. ಟ್ರೈಗ್ಲಿಸರೈಡ್ ಹೆಚ್ಚಾಗಿಯೂ ಎಚ್‌ಡಿಎಲ್ ಕಡಿಮೆಯಾಗಿಯೂ ಇರುವುದು ಭಾರತೀಯರಲ್ಲಿ ಸಾಮಾನ್ಯ. ಪಾಶ್ಚಾತ್ಯರನ್ನು ಆಧರಿಸಿದ ಗಣನಾಸೂತ್ರಗಳು ಇಲ್ಲಿನ ಅಪಾಯವನ್ನು ಕಡಿಮೆಯೆಂದು ಅಂದಾಜಿಸಬಹುದು.

ಗುರಿಗಳು: ಡೆಸಿಲೀಟರ್‌ಗೆ ಎಲ್‌ಡಿಎಲ್ ಪ್ರಮಾಣವು ಸಾಮಾನ್ಯರಲ್ಲಿ 100, ಮಧುಮೇಹ ಅಥವಾ ಅಧಿಕ ರಕ್ತದೊತ್ತಡವುಳ್ಳವರಲ್ಲಿ 70, ಈಗಾಗಲೇ ಹೃದಯಾಘಾತವಾದವರಲ್ಲಿ 55 ಮಿಲಿಗ್ರಾಂಗಿಂತ ಕಡಿಮೆಯಿರಬೇಕು. ಲಿಪೊಪ್ರೋಟೀನ್ (ಎ) ಅನ್ನು ಒಮ್ಮೆಯಾದರೂ ಅಳೆಯಬೇಕು.

ಸ್ಥಳೀಯ ಮಹತ್ವ: ಆರಂಭಿಕ ಪರೀಕ್ಷೆಗೆ ಉಪವಾಸ ಕಡ್ಡಾಯವಲ್ಲ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ತಾಲ್ಲೂಕುಗಳ ದೂರದ ಹಳ್ಳಿಗಳಿಂದ ಮೈಸೂರಿನ ಆಸ್ಪತ್ರೆಗಳಿಗೆ ಬರುವವರು ಇದರಿಂದ ಹಸಿದ ಹೊಟ್ಟೆಯಲ್ಲಿ ಪ್ರಯಾಣಿಸಬೇಕಾಗಿಲ್ಲ.