ಧೂಳಿನ ತಕ್ಕಡಿಗೆ ಮುದ್ರೆ: ತೊಂಡೇಬಾವಿ ಸೀಮೆಯಿಂದ ಒಂದು ಚರಿತ್ರೆ

ಅಲೀಪುರದ ಹರಳು ವ್ಯಾಪಾರಿಗೆ ಒಂದು ಕ್ಯಾರೆಟ್ ಎಂದರೆ 200 ಮಿಲಿಗ್ರಾಂ. ಅದನ್ನು ತೂಗುವ ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷಕ್ಕೊಮ್ಮೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಬೀಳಬೇಕು. ಅದೇ ಗೌರಿಬಿದನೂರು ತಾಲ್ಲೂಕಿನ ತೊಂಡೇಬಾವಿಯಲ್ಲಿ ಎಸಿಸಿ ಕಂಪನಿಯ ಸಿಮೆಂಟ್ ಅರೆಯುವ ಘಟಕವಿದೆ. ಸಿಮೆಂಟ್ ಉದ್ಯಮದ ಧೂಳಿನ ಲೆಕ್ಕವೂ ಮಿಲಿಗ್ರಾಂನಲ್ಲೇ ನಡೆಯುತ್ತದೆ. 2014ರ ಆಗಸ್ಟ್ ಅಧಿಸೂಚನೆ ಹೊಸ ಸಿಮೆಂಟ್ ಕಾರ್ಖಾನೆಗಳಿಗೆ ಗೊತ್ತುಮಾಡಿದ ಮಿತಿ ಘನ ಮೀಟರಿಗೆ 30 ಮಿಲಿಗ್ರಾಂ, ಅಂದರೆ ಕ್ಯಾರೆಟ್ಟಿನ ಆರನೇ ಒಂದು ಪಾಲಿಗೂ ಕಡಿಮೆ. ಆದರೆ ಈ ಎರಡನೆಯ ತಕ್ಕಡಿಗೆ ಮುದ್ರೆ ಒತ್ತುವ ಅಧಿಕಾರ ಯಾರದೆಂಬುದು ಭಾರತದಲ್ಲಿ 2019ರವರೆಗೂ ತೀರ್ಮಾನವಾಗಿರಲಿಲ್ಲ.

ಮೊದಮೊದಲು ಹೊಗೆಯನ್ನು ಅಳೆದದ್ದು ಕಣ್ಣು. ಫ್ರಾನ್ಸಿನ ಮ್ಯಾಕ್ಸಿಮಿಲಿಯನ್ ರಿಂಗಲ್‌ಮನ್ 1888ರ ಸುಮಾರಿಗೆ ರೂಪಿಸಿದ, ಬಿಳಿಯಿಂದ ಕಪ್ಪಿನವರೆಗಿನ ಪಟ್ಟಿಯನ್ನು ಎದುರಿಗಿಟ್ಟು ಚಿಮಣಿಯ ಹೊಗೆಯ ಬಣ್ಣ ಹೋಲಿಸುತ್ತಿದ್ದರು. ಕಲ್ಕತ್ತೆಗೆ 1905ರಲ್ಲಿ ಬಂದ ಬಂಗಾಳ ಹೊಗೆ ಉಪದ್ರವ ಕಾಯ್ದೆಯ ಕಾಲ ಅದು. ದೇಶಕ್ಕೆಲ್ಲ ಅನ್ವಯಿಸುವ ವಾಯು ಕಾಯ್ದೆ ಬಂದದ್ದು 1981ರಲ್ಲಿ. ಜಲ ಕಾಯ್ದೆಯಡಿ 1974ರಲ್ಲಿ ಹುಟ್ಟಿದ ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಹೆಗಲಿಗೆ ಗಾಳಿಯೂ ಏರಿತು. ಚಿಮಣಿಯ ಧೂಳನ್ನು ಅಳೆಯುವ ಕ್ರಮವನ್ನು ಭಾರತೀಯ ಮಾನಕ ಐಎಸ್ 11255ರ ಮೊದಲ ಭಾಗ 1985ರಲ್ಲಿ ಬರಹಕ್ಕಿಳಿಸಿತು.

ಆ ಕ್ರಮ ಈಗಲೂ ಚಾಲ್ತಿಯಲ್ಲಿದೆ. ಸಿಬ್ಬಂದಿ ಏಣಿ ಹತ್ತಿ ಚಿಮಣಿಯ ಅಟ್ಟಣೆಗೆ ಹೋಗುತ್ತಾರೆ, ಪಕ್ಕದ ರಂಧ್ರದಿಂದ ಕೊಳವೆ ತೂರಿಸಿ ಪಂಪಿನಿಂದ ಗಾಳಿ ಎಳೆಯುತ್ತಾರೆ. ಒಳಗೆ ಗಾಳಿ ಹರಿಯುವ ವೇಗದಲ್ಲೇ ಕೊಳವೆಯೂ ಎಳೆಯಬೇಕು. ನಿಧಾನವಾದರೆ ದಪ್ಪ ಕಣ ಹೆಚ್ಚಾಗಿ ನುಗ್ಗಿ ಲೆಕ್ಕ ಏರುತ್ತದೆ, ಜೋರಾದರೆ ಇಳಿಯುತ್ತದೆ. ಬೆರಳುಬಟ್ಟಲಿನಂಥ ಸೋಸುಕದಲ್ಲಿ ಉಳಿದ ಧೂಳನ್ನು ಪ್ರಯೋಗಾಲಯದಲ್ಲಿ ತೂಗುತ್ತಾರೆ. ಇದರಷ್ಟು ನಂಬಿಕೆಯ ವಿಧಾನ ಬೇರಿಲ್ಲ. ಇದರ ಕೊರತೆ ಒಂದೇ: ಅದು ಆ ಹೊತ್ತಿನ ಲೆಕ್ಕ. ಉಳಿದ ದಿನಗಳಲ್ಲಿ, ರಾತ್ರಿ ಪಾಳಿಯಲ್ಲಿ ಚಿಮಣಿ ಏನು ಮಾಡಿತೆಂದು ಅದು ಹೇಳದು.

ನಿರಂತರ ಮಾಪಕ ಬೇಕಾದದ್ದು ಇದಕ್ಕೇ. ಅಮೆರಿಕ 1975ರಲ್ಲೇ ಇಂಥ ಯಂತ್ರಗಳಿಗೆ ಕಾರ್ಯಕ್ಷಮತೆಯ ನಿಬಂಧನೆ ಬರೆಯಿತು. ಜರ್ಮನಿಯಲ್ಲಿ ಟಿಯುವಿ ಸಂಸ್ಥೆಗಳು ಯಂತ್ರಗಳ ಯೋಗ್ಯತೆ ಪರೀಕ್ಷಿಸಿದವು. ಬ್ರಿಟನ್ 1998ರಲ್ಲಿ ಮಾಪಕಗಳನ್ನು ಪ್ರಮಾಣೀಕರಿಸುವ ಎಂಸರ್ಟ್ಸ್ ಯೋಜನೆ ತಂದಿತು. ಭಾರತದಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2014ರ ಫೆಬ್ರವರಿಯಲ್ಲಿ ಸಿಮೆಂಟ್ ಸೇರಿದಂತೆ 17 ವರ್ಗದ ಉದ್ಯಮಗಳಿಗೆ ಆನ್‌ಲೈನ್ ಮಾಪಕ ಹಾಕಿಸಲು ಆದೇಶಿಸಿತು. ಆಗ ಇಲ್ಲಿ ಪ್ರಮಾಣೀಕರಿಸುವ ವ್ಯವಸ್ಥೆಯೇ ಇರಲಿಲ್ಲ. ಹೊರದೇಶದ ಪ್ರಮಾಣಪತ್ರಗಳೇ ಗತಿಯಾದವು.

ಪತ್ರ ನಿಜವಾದದ್ದೇ ಇರಬಹುದು, ಯಂತ್ರವೂ ಒಳ್ಳೆಯದೇ ಇರಬಹುದು. ಧೂಳಿನ ಮಾಪಕದ ತೊಡಕೇ ಬೇರೆ. ಅರೆಯುವ ಘಟಕದಲ್ಲಿ ಗೂಡಿಲ್ಲ. ಬೇರೆಡೆ ಸುಟ್ಟ ಕ್ಲಿಂಕರ್ ತಂದು ಪುಡಿಮಾಡುತ್ತಾರೆ, ಧೂಳನ್ನು ಬಟ್ಟೆಚೀಲದ ಸೋಸುಕ ಹಿಡಿಯುತ್ತದೆ. ಇಂಥ ಒಣ ಚಿಮಣಿಗೆ ಒಪ್ಪುವ ಒಂದು ಬಗೆಯ ಮಾಪಕದಲ್ಲಿ ಲೋಹದ ಸರಳೊಂದು ಹರಿವಿಗೆ ಅಡ್ಡ ನಿಂತಿರುತ್ತದೆ, ಕಣಗಳು ಸವರಿದಾಗ ಅದರಲ್ಲಿ ಸಣ್ಣ ವಿದ್ಯುತ್ ಹುಟ್ಟುತ್ತದೆ. ಯಂತ್ರಕ್ಕೆ ಗೊತ್ತಿರುವುದು ಆ ವಿದ್ಯುತ್ತು ಮಾತ್ರ, ಮಿಲಿಗ್ರಾಂ ಅಲ್ಲ. ಕೊಳವೆ ತೂರಿಸಿ ತೂಗಿದ ಲೆಕ್ಕದೊಡನೆ ತಾಳೆ ಹಾಕಿದ ಮೇಲಷ್ಟೇ ಅದು ಮಿಲಿಗ್ರಾಂ ಹೇಳಬಲ್ಲದು. ಕಣದ ಗಾತ್ರ, ಹರಿವಿನ ವೇಗ ಬದಲಾದರೆ ತಾಳೆಯೂ ತಪ್ಪುತ್ತದೆ. ಜರ್ಮನಿಯ ಚಿಮಣಿಯಲ್ಲಿ ಗೆದ್ದ ಯಂತ್ರ ಇಲ್ಲಿ ಹಾರುಬೂದಿ ಬೆರೆತ ಧೂಳಿನ ಮುಂದೆ ಹೊಸದಾಗಿ ಪಾಠ ಕಲಿಯಲೇಬೇಕು.

2019ರ ಆಗಸ್ಟ್‌ನಲ್ಲಿ ಕೇಂದ್ರ ಪರಿಸರ ಸಚಿವಾಲಯ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯವನ್ನು ಈ ಉಪಕರಣಗಳ ಪರಿಶೀಲನಾ ಸಂಸ್ಥೆಯಾಗಿ ಹೆಸರಿಸಿತು. ಅಲ್ಲೇ ರಾಷ್ಟ್ರೀಯ ಪರಿಸರ ಮಾನಕ ಪ್ರಯೋಗಾಲಯಕ್ಕೆ 2021ರ ಜನವರಿ 4ರಂದು ಶಿಲಾನ್ಯಾಸವಾಯಿತು. ಅಳೆಯಿರೆಂಬ ಆಜ್ಞೆ ಮೊದಲು, ಅಳತೆಗೋಲನ್ನು ಒರೆಗೆ ಹಚ್ಚುವ ಕೈ ಐದು ವರ್ಷ ತಡವಾಗಿ. ಇದನ್ನು ಬರಿಯ ಆಡಳಿತದ ಸೋಮಾರಿತನ ಎನ್ನಲಾರೆ; ಪ್ರಮಾಣೀಕರಣಕ್ಕಾಗಿ ಕಾದಿದ್ದರೆ ಆದೇಶವೇ ಹೊರಡುತ್ತಿರಲಿಲ್ಲವೇನೋ. ಆದರೂ ಆ ಐದು ವರ್ಷದ ಅಂಕಿಗಳನ್ನು ಬಳಸುವ ಸಂಶೋಧಕ ಎಚ್ಚರದಿಂದಿರಬೇಕು.

ನೆಚ್ಚಬಹುದಾದ ಅಂಕಿ ಕೈಗೆ ಬಂದರೆ ಏನಾಗುತ್ತದೆಂಬುದಕ್ಕೆ ಸೂರತ್ ಸಾಕ್ಷಿ. ಅಲ್ಲಿ 2019ರಲ್ಲಿ ನಿರಂತರ ಮಾಪಕಗಳ ಆಧಾರದ ಮೇಲೆ ಧೂಳಿನ ಪರವಾನಗಿಗಳ ಮಾರುಕಟ್ಟೆಯೇ ಶುರುವಾಯಿತು.

ಗೌರಿಬಿದನೂರು ಸೇರಿರುವ ಚಿಕ್ಕಬಳ್ಳಾಪುರ ಜಿಲ್ಲೆಯ ಮಟ್ಟಿಗೆ ಇನ್ನೊಂದು ಧೂಳೂ ಇದೆ, ಜಲ್ಲಿ ಕ್ರಷರ್‌ಗಳದ್ದು. ಅದಕ್ಕೆ ಚಿಮಣಿಯಿಲ್ಲ, ಹಾಗಾಗಿ ಚಿಮಣಿಗೆಂದು ರೂಪಿಸಿದ ಮಾಪಕವನ್ನು ಕೂರಿಸಲು ಜಾಗವೂ ಇಲ್ಲ. ಕ್ರಷರ್‌ಗಳ ಪರವಾನಗಿಗೆ ಕರ್ನಾಟಕದಲ್ಲಿ 2011ರ ಪ್ರತ್ಯೇಕ ಕಾಯ್ದೆಯಿದ್ದರೂ, ಧೂಳಿನ ಮಾನಕ ನೋಡುವುದು ಯಂತ್ರದಿಂದ 3ರಿಂದ 10 ಮೀಟರ್ ದೂರದ ಗಾಳಿಯನ್ನು: ಘನ ಮೀಟರಿಗೆ 600 ಮೈಕ್ರೋಗ್ರಾಂ. ಅದನ್ನು ಅಳೆಯಲು ಅಧಿಕಾರಿ ಉಪಕರಣ ಹೊತ್ತು ಖುದ್ದಾಗಿ ಬರಬೇಕು, ಕ್ರಷರ್ ಆ ಹೊತ್ತಿಗೆ ಓಡುತ್ತಿರಬೇಕು.