ಎಂಪಿಎಚ್ ಮಾಡಿದರೆ ಮೆಡಿಕಲ್ ಸೀಟು ಸುಲಭವಾಗಿ ಸಿಗುತ್ತದೆಯೇ? ಇಲ್ಲಿದೆ ವಾಸ್ತವ

ಮೆಡಿಕಲ್ ಸೀಟು ಕೈತಪ್ಪಿದ ಮನೆಗೆ ಸಲಹೆಗಳು ಬೇಗ ಬಂದು ಸೇರುತ್ತವೆ. ಅವುಗಳಲ್ಲಿ ಒಂದು ಹೀಗಿರುತ್ತದೆ: ಮೊದಲು ಸಾರ್ವಜನಿಕ ಆರೋಗ್ಯದಲ್ಲಿ ಸ್ನಾತಕೋತ್ತರ ಪದವಿ, ಅಂದರೆ ಎಂಪಿಎಚ್ ಮಾಡಲಿ, ಆಮೇಲೆ ಡಾಕ್ಟರ್ ಆಗುವುದು ಸಲೀಸು. ಅಮೆರಿಕದಲ್ಲಿ ಎಲ್ಲರೂ ಹೀಗೇ ಮಾಡುತ್ತಾರೆ ಎಂಬ ಮಾತೂ ಜೊತೆಗಿರುತ್ತದೆ. ಇದನ್ನು ನಂಬಿ ಎರಡು ವರ್ಷ ಮತ್ತು ಲಕ್ಷಗಟ್ಟಲೆ ಹಣ ಹಾಕುವ ಮೊದಲು ಇದರಲ್ಲಿ ನಿಜವೆಷ್ಟು ಎಂದು ನೋಡೋಣ.

ಎಂಪಿಎಚ್‌ನಲ್ಲಿ ಏನು ಕಲಿಸುತ್ತಾರೆ?

ಡೆಂಗಿ ಬಂದ ರೋಗಿಗೆ ಚಿಕಿತ್ಸೆ ಕೊಡುವುದು ವೈದ್ಯರ ಕೆಲಸ. ಒಂದೇ ವಾರ್ಡಿನಲ್ಲಿ ಡೆಂಗಿ ಏಕೆ ಹೆಚ್ಚಾಯಿತು, ಸೊಳ್ಳೆ ಎಲ್ಲಿ ಹುಟ್ಟುತ್ತಿದೆ, ಮುಂದಿನ ಮಳೆಗಾಲಕ್ಕೆ ಏನು ಮಾಡಬೇಕು ಎಂದು ಲೆಕ್ಕ ಹಾಕುವುದು ಸಾರ್ವಜನಿಕ ಆರೋಗ್ಯದವರ ಕೆಲಸ. ಎಂಪಿಎಚ್ ಸಾಮಾನ್ಯವಾಗಿ ಎರಡು ವರ್ಷದ ಕೋರ್ಸ್. ರೋಗ ಹರಡುವ ಬಗೆ, ಅಂಕಿಅಂಶ, ಪರಿಸರ ಮತ್ತು ಆರೋಗ್ಯ, ಆರೋಗ್ಯ ನೀತಿ ಇದರ ಮುಖ್ಯ ವಿಷಯಗಳು. ರೋಗಿಯನ್ನು ಪರೀಕ್ಷಿಸುವುದು, ಔಷಧ ಬರೆಯುವುದು ಇದರಲ್ಲಿಲ್ಲ.

ಅಮೆರಿಕದಲ್ಲಿ ಲೆಕ್ಕ ಹೇಗೆ ನಡೆಯುತ್ತದೆ?

ಅಲ್ಲಿ ನಮ್ಮಂತೆ ಪಿಯುಸಿ ಮುಗಿದ ಕೂಡಲೇ ಮೆಡಿಕಲ್ ಓದುವ ಪದ್ಧತಿ ಸಾಮಾನ್ಯವಲ್ಲ. ಮೊದಲು ನಾಲ್ಕು ವರ್ಷದ ಪದವಿ, ಅದರ ನಡುವೆ ಜೀವಶಾಸ್ತ್ರ, ರಸಾಯನಶಾಸ್ತ್ರ, ಭೌತಶಾಸ್ತ್ರದ ತರಗತಿಗಳು, ಬಳಿಕ ಎಂಕ್ಯಾಟ್ ಎಂಬ ಪ್ರವೇಶ ಪರೀಕ್ಷೆ. ಪದವಿಯ ಅಂಕವನ್ನು 4ಕ್ಕೆ ಇಷ್ಟು ಎಂದು ಜಿಪಿಎ ರೂಪದಲ್ಲಿ ಹೇಳುತ್ತಾರೆ. ಇತ್ತೀಚಿನ ವರ್ಷಗಳಲ್ಲಿ ಎಂಡಿ ಸೀಟು ಪಡೆದವರ ಸರಾಸರಿ ಜಿಪಿಎ 3.7ಕ್ಕಿಂತ ಹೆಚ್ಚಿದೆ.

ಜಿಪಿಎ ಕಡಿಮೆ ಬಂದವರು ಎಂಪಿಎಚ್‌ನಲ್ಲಿ ಒಳ್ಳೆಯ ಅಂಕ ತೆಗೆದು ಅದನ್ನು ಸರಿಪಡಿಸಿಕೊಳ್ಳಬಹುದು ಎಂದುಕೊಳ್ಳುತ್ತಾರೆ. ಎಡವುವುದು ಇಲ್ಲೇ. ಬಹುತೇಕ ಎಂಡಿ ಕಾಲೇಜುಗಳಿಗೆ ಅರ್ಜಿ ಹೋಗುವುದು ಆಮ್‌ಕ್ಯಾಸ್ ಎಂಬ ಒಂದೇ ವ್ಯವಸ್ಥೆಯ ಮೂಲಕ. ಅದು ಪದವಿಯ ಅಂಕ ಮತ್ತು ಸ್ನಾತಕೋತ್ತರ ಅಂಕ ಎರಡನ್ನೂ ಬೇರೆ ಬೇರೆಯಾಗಿಯೇ ತೋರಿಸುತ್ತದೆ, ಒಟ್ಟು ಸೇರಿಸುವುದಿಲ್ಲ.

ಒಂದು ಉದಾಹರಣೆ ನೋಡಿ. ಒಬ್ಬ ವಿದ್ಯಾರ್ಥಿನಿ ಪದವಿಯಲ್ಲಿ 120 ಕ್ರೆಡಿಟ್ ಓದಿ 3.2 ಜಿಪಿಎ ಪಡೆದಿದ್ದಾಳೆ. ಎಂಪಿಎಚ್‌ನಲ್ಲಿ 3.9 ತೆಗೆದರೂ ಅರ್ಜಿಯಲ್ಲಿ ಪದವಿಯ ಅಂಕ 3.2 ಆಗಿಯೇ ಉಳಿಯುತ್ತದೆ. ಅದರ ಬದಲು ಪದವಿ ಮಟ್ಟದಲ್ಲೇ ಇನ್ನೂ 30 ಕ್ರೆಡಿಟ್ ವಿಜ್ಞಾನ ತರಗತಿಗಳನ್ನು ಓದಿ ಎಲ್ಲದರಲ್ಲೂ 4 ಪಡೆದರೆ, ಅದೇ ಅಂಕ 3.36ಕ್ಕೆ ಏರುತ್ತದೆ. ಅಂಕ ಸುಧಾರಿಸಬೇಕಾದವರಿಗೆ ಈ ಎರಡನೆಯ ದಾರಿ, ಅಥವಾ ವೈದ್ಯಕೀಯ ವಿಜ್ಞಾನವನ್ನೇ ಕಲಿಸುವ ವಿಶೇಷ ಸ್ನಾತಕೋತ್ತರ ಕೋರ್ಸ್ ಹೆಚ್ಚು ಕೆಲಸಕ್ಕೆ ಬರುತ್ತದೆ. ಪ್ರವೇಶ ಸಮಿತಿ ನೋಡುವುದು ಕಠಿಣ ವಿಜ್ಞಾನ ವಿಷಯಗಳನ್ನು ಈ ಅಭ್ಯರ್ಥಿ ತಾಳಿಕೊಳ್ಳಬಲ್ಲನೇ ಎಂಬುದನ್ನು. ಎಂಪಿಎಚ್‌ನ ಅಂಕ ಅದಕ್ಕೆ ನೇರ ಉತ್ತರ ಕೊಡುವುದಿಲ್ಲ.

ಇನ್ನೂ ಒಂದು ವಿಷಯವಿದೆ. ಸೇರಿದ ಸ್ನಾತಕೋತ್ತರ ಕೋರ್ಸನ್ನು ಮುಗಿಸಿಯೇ ಬರಬೇಕು ಎಂದು ಅನೇಕ ಮೆಡಿಕಲ್ ಕಾಲೇಜುಗಳು ಹೇಳುತ್ತವೆ. ಸೀಟು ಸಿಕ್ಕಿತೆಂದು ಅರ್ಧಕ್ಕೆ ಬಿಟ್ಟು ಹೊರಡುವಂತಿಲ್ಲ.

ಇಲ್ಲಿಂದ ಎಂಪಿಎಚ್‌ಗೆ ಹೋಗಿ, ಅಲ್ಲೇ ಡಾಕ್ಟರ್ ಆಗಬಹುದೇ?

ವೀಸಾ ಮೇಲೆ ಹೋಗುವವರು ಇದನ್ನು ಮೊದಲೇ ತಿಳಿದಿರಬೇಕು. ಅಮೆರಿಕದ ಅನೇಕ ಮೆಡಿಕಲ್ ಕಾಲೇಜುಗಳು ವಿದೇಶಿ ವಿದ್ಯಾರ್ಥಿಗಳ ಅರ್ಜಿಯನ್ನೇ ತೆಗೆದುಕೊಳ್ಳುವುದಿಲ್ಲ. ತೆಗೆದುಕೊಳ್ಳುವ ಕಾಲೇಜುಗಳಲ್ಲೂ ಹಲವು, ಅಗತ್ಯ ವಿಜ್ಞಾನ ವಿಷಯಗಳನ್ನು ಅಮೆರಿಕ ಅಥವಾ ಕೆನಡಾದಲ್ಲೇ ಓದಿರಬೇಕು ಎನ್ನುತ್ತವೆ. ಎಂಪಿಎಚ್ ತರಗತಿಗಳು ಆ ಕೊರತೆಯನ್ನು ತುಂಬುವುದಿಲ್ಲ. ಅಲ್ಲಿನ ಸರ್ಕಾರದ ಶಿಕ್ಷಣ ಸಾಲವೂ ವಿದ್ಯಾರ್ಥಿ ವೀಸಾದಲ್ಲಿರುವವರಿಗೆ ಸಿಗುವುದಿಲ್ಲ.

ಎಷ್ಟೋ ವೈದ್ಯರ ಹೆಸರಿನ ಜೊತೆ 'ಎಂಡಿ, ಎಂಪಿಎಚ್' ಎಂದು ಇರುತ್ತದಲ್ಲ?

ಇರುತ್ತದೆ. ಆದರೆ ಅವರಲ್ಲಿ ಅನೇಕರು ಎಂಪಿಎಚ್ ಮಾಡಿದ್ದು ಮೆಡಿಕಲ್ ಸೀಟು ಪಡೆದ ಮೇಲೆ. ಎಂಡಿ ಮತ್ತು ಎಂಪಿಎಚ್ ಎರಡನ್ನೂ ಸೇರಿಸಿ ಸುಮಾರು ಐದು ವರ್ಷದಲ್ಲಿ ಮುಗಿಸುವ ಜಂಟಿ ಕೋರ್ಸುಗಳು ಅಲ್ಲಿ ಬಹಳ ಇವೆ. ಎಂಡಿ ನಾಲ್ಕು ವರ್ಷ, ಅದಕ್ಕೆ ಒಂದೇ ವರ್ಷ ಹೆಚ್ಚು. ಮೊದಲೇ ಎಂಪಿಎಚ್ ಮಾಡಿದರೆ ಬೇಕಾಗುವುದು ಎರಡು ವರ್ಷ.

ನಮ್ಮ ಮಂಡ್ಯ ಜಿಲ್ಲೆಯ ಹಲ್ಲೇಗೆರೆ ಮೂಲದ ಕುಟುಂಬದ ಡಾ. ವಿವೇಕ್ ಮೂರ್ತಿ ಅವರನ್ನೇ ನೋಡಿ. ಅಮೆರಿಕದ ಸಾರ್ವಜನಿಕ ಆರೋಗ್ಯದ ಉನ್ನತ ಹುದ್ದೆಯಾದ ಸರ್ಜನ್ ಜನರಲ್ ಸ್ಥಾನಕ್ಕೆ ಎರಡು ಬಾರಿ ಏರಿದವರು. ಅವರು ಯೇಲ್ ವಿಶ್ವವಿದ್ಯಾಲಯದಲ್ಲಿ ಎಂಡಿ ಜೊತೆ ಪಡೆದದ್ದು ಎಂಬಿಎ.

ಹಾಗಾದರೆ ಎಂಪಿಎಚ್ ವ್ಯರ್ಥವೇ?

ಖಂಡಿತ ಅಲ್ಲ. ಅಮೆರಿಕದ ಫ್ಲಿಂಟ್ ನಗರದಲ್ಲಿ ಕುಡಿಯುವ ನೀರಿಗೆ ಸೀಸ ಸೇರಿದಾಗ, ಮಕ್ಕಳ ರಕ್ತದಲ್ಲಿ ಸೀಸ ಏರಿರುವುದನ್ನು 2015ರಲ್ಲಿ ಅಂಕಿಅಂಶ ಸಮೇತ ಬಯಲಿಗೆ ತಂದವರು ಮಕ್ಕಳ ವೈದ್ಯೆ ಡಾ. ಮೋನಾ ಹನ್ನಾ. ಅವರು ಎಂಡಿ ಜೊತೆ ಎಂಪಿಎಚ್ ಕೂಡ ಓದಿದವರು. ಒಂದೊಂದು ಮಗುವಿನ ವರದಿಯಿಂದ ಇಡೀ ಊರಿನ ಕಾಯಿಲೆಯನ್ನು ಕಾಣುವ ಕಣ್ಣು ಇಂಥ ಓದಿನಿಂದ ಬರುತ್ತದೆ. ಪದವಿಯ ಅಂಕ ಈಗಾಗಲೇ ಚೆನ್ನಾಗಿದ್ದು, ಈ ವಿಷಯದಲ್ಲಿ ನಿಜವಾದ ಆಸಕ್ತಿ ಇರುವವರಿಗೆ ಎಂಪಿಎಚ್ ಅರ್ಜಿಗೂ ಬಲ ಕೊಡುತ್ತದೆ.

ಭಾರತದಲ್ಲಿ?

ಇಲ್ಲಿ ಉತ್ತರ ಇನ್ನೂ ಸರಳ. ಎಂಬಿಬಿಎಸ್ ಸೀಟಿಗೆ ನೀಟ್ ಕಡ್ಡಾಯ. ಎಂಪಿಎಚ್ ಮಾಡಿದವರಿಗೆ ಅದರಲ್ಲಿ ಕೃಪಾಂಕವಿಲ್ಲ, ವಿನಾಯಿತಿಯೂ ಇಲ್ಲ. ದ್ವಿತೀಯ ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿರಬೇಕು. ಸಮಾಧಾನದ ಸಂಗತಿಯೆಂದರೆ, 2022ರಲ್ಲಿ ಗರಿಷ್ಠ ವಯೋಮಿತಿ ತೆಗೆದಿದ್ದಾರೆ. ಹಾಗಾಗಿ ಎಂಪಿಎಚ್ ಮುಗಿಸಿದವರೂ ನೀಟ್ ಬರೆಯಬಹುದು, ಆದರೆ ಎಲ್ಲರ ಜೊತೆ ಅದೇ ಸಾಲಿನಲ್ಲಿ ನಿಂತು.

ಎಂಪಿಎಚ್ ಪದವಿ ಹಿಡಿದು ಕ್ಲಿನಿಕ್ ತೆರೆಯುವಂತಿಲ್ಲ. ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆ 2019ರ ಪ್ರಕಾರ, ನೋಂದಣಿ ಇಲ್ಲದೆ ವೈದ್ಯವೃತ್ತಿ ನಡೆಸಿದರೆ ಒಂದು ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಎಂಬಿಬಿಎಸ್ ನಂತರ ಮಾಡುವ ಸಮುದಾಯ ವೈದ್ಯಶಾಸ್ತ್ರದ ಎಂಡಿಯೇ ಬೇರೆ, ಎಂಪಿಎಚ್ಚೇ ಬೇರೆ.

ಸೇರುವ ಮೊದಲು ಈ ಮೂರು ಪ್ರಶ್ನೆ ಕೇಳಿಕೊಳ್ಳಿ

1. ಮೆಡಿಕಲ್ ಸೀಟು ಕೊನೆಗೂ ಸಿಗದೇ ಹೋದರೆ, ಸಾರ್ವಜನಿಕ ಆರೋಗ್ಯದಲ್ಲೇ ಕೆಲಸ ಮಾಡಲು ಮನಸ್ಸಿದೆಯೇ?
2. ನಿಮ್ಮ ನಿಜವಾದ ಕೊರತೆ ಯಾವುದು? ವಿಜ್ಞಾನದ ಅಂಕವೇ, ಪ್ರವೇಶ ಪರೀಕ್ಷೆಯೇ? ಎಂಪಿಎಚ್ ಅದನ್ನು ಸರಿಪಡಿಸುತ್ತದೆಯೇ?
3. ಈ ಕೋರ್ಸಿನ ಸಾಲದ ಮೇಲೆ ಮೆಡಿಕಲ್ ಸಾಲವನ್ನೂ ಮನೆಯವರು ಹೊರಬಲ್ಲರೇ?

ಮೊದಲ ಪ್ರಶ್ನೆಗೆ ಹೌದು ಎಂಬ ಉತ್ತರವಿದ್ದರೆ ಧೈರ್ಯವಾಗಿ ಸೇರಿ. ಇಲ್ಲ ಎಂದಾದರೆ ಆ ಎರಡು ವರ್ಷವನ್ನು ನಿಮ್ಮ ಕೊರತೆ ತುಂಬಿಕೊಳ್ಳಲು ಬಳಸಿ.

ನಮ್ಮ ತೀರ್ಮಾನ: ಎಂಪಿಎಚ್ ಮಾಡಿದರೆ ಮೆಡಿಕಲ್ ಸೀಟು ಸುಲಭ ಎಂಬುದು ತಪ್ಪು ಮಾಹಿತಿ. ಅದು ತನ್ನದೇ ಗೌರವವುಳ್ಳ ಬೇರೆಯೇ ವೃತ್ತಿಯ ಓದು. ಇಂಥ ಸಲಹೆ ನಿಮ್ಮ ಗುಂಪಿಗೆ ಬಂದರೆ, ಮುಂದಕ್ಕೆ ಕಳುಹಿಸುವ ಮೊದಲು ಇದನ್ನೂ ಜೊತೆಗಿಡಿ. ಯಾರದೋ ಮನೆಯ ಎರಡು ವರ್ಷ ಉಳಿಯಬಹುದು.